ಮಾಹಿತಿ ಸಾಲದಾಗ ಲೆಕ್ಕ ಏನು ಹೇಳಬಲ್ಲದು?

ಸಂತೆಯಿಂದ ಮರಳಿದ ಇಬ್ಬರು ನೆರೆಮನೆಯವರನ್ನು ಊಹಿಸಿಕೊಳ್ಳಿ. ಮೊದಲನೆಯವರು ಎರಡು ಕಿಲೋ ಟೊಮೆಟೊ, ಒಂದು ಕಿಲೋ ಈರುಳ್ಳಿ ಕೊಂಡು 70 ರೂಪಾಯಿ ಕೊಟ್ಟಿದ್ದಾರೆ. ಎರಡನೆಯವರು ಒಂದು ಕಿಲೋ ಟೊಮೆಟೊ, ಒಂದು ಕಿಲೋ ಈರುಳ್ಳಿಗೆ 45 ರೂಪಾಯಿ ಕೊಟ್ಟಿದ್ದಾರೆ. ಬಿಡಿ ಬೆಲೆ ಇಬ್ಬರಿಗೂ ನೆನಪಿಲ್ಲ. ಆದರೂ ಹೈಸ್ಕೂಲು ಹುಡುಗ ಕ್ಷಣದಲ್ಲಿ ಹೇಳುತ್ತಾನೆ: ಟೊಮೆಟೊ 25 ರೂಪಾಯಿ, ಈರುಳ್ಳಿ 20 ರೂಪಾಯಿ.

ಈಗ ಲೆಕ್ಕವನ್ನು ಕೊಂಚ ಬದಲಿಸೋಣ. ಎರಡನೆಯವರು ಕೊಂಡದ್ದು ನಾಲ್ಕು ಕಿಲೋ ಟೊಮೆಟೊ, ಎರಡು ಕಿಲೋ ಈರುಳ್ಳಿ. ಕೊಟ್ಟದ್ದು 140 ರೂಪಾಯಿ. ಅದೇ ಹುಡುಗ ತಲೆ ಕೆರೆದುಕೊಳ್ಳುತ್ತಾನೆ. ಎರಡನೆಯ ಚೀಟಿ ಮೊದಲನೆಯ ಚೀಟಿಯ ಇಮ್ಮಡಿಯೇ ಹೊರತು ಹೊಸದೇನನ್ನೂ ಹೇಳುವುದಿಲ್ಲ. ಟೊಮೆಟೊ 20, ಈರುಳ್ಳಿ 30 ಎಂದರೂ ಲೆಕ್ಕ ಸರಿಹೋಗುತ್ತದೆ. 25 ಮತ್ತು 20 ಎಂದರೂ ಸರಿ. 30 ಮತ್ತು 10 ಎಂದರೂ ಸರಿ. ಸಮೀಕರಣಗಳು ಎರಡಿವೆ, ಆದರೆ ಮಾಹಿತಿ ಒಂದೇ.

ಇಂಥ ಲೆಕ್ಕವನ್ನು 'ಉತ್ತರವಿಲ್ಲ' ಎಂದು ಬದಿಗೆ ಸರಿಸುವುದು ಬಹುಕಾಲ ನಡೆದುಬಂದ ರೂಢಿ. ಆದರೆ ಬದಿಗೆ ಸರಿಸಲು ಮನಸ್ಸೊಪ್ಪದ ಲೆಕ್ಕವೊಂದು 1954ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಮೇಜಿಗೆ ಬಂತು. ಹಿರೋಷಿಮಾ ಮತ್ತು ನಾಗಾಸಾಕಿಗಳ ಮೇಲೆ 1945ರ ಆಗಸ್ಟ್‌ನಲ್ಲಿ ಬಿದ್ದ ಅಣುಬಾಂಬುಗಳ ವಿಕಿರಣ ಜನರ ಮೇಲೆ ದೀರ್ಘಕಾಲದಲ್ಲಿ ಏನು ಪರಿಣಾಮ ಮಾಡಿದೆ ಎಂದು ತಿಳಿಯಲು ಜಪಾನಿನಲ್ಲಿ ಸಂಗ್ರಹಿಸಿದ ಅಂಕಿಅಂಶಗಳವು. ಅವುಗಳನ್ನು ವಿಶ್ಲೇಷಿಸುವ ಹೊಣೆ ಬಿದ್ದದ್ದು ಆಗ ಮೂವತ್ತನಾಲ್ಕರ ಹರೆಯದ ಸಿ. ಆರ್. ರಾವ್ ಅವರ ಮೇಲೆ.

ಹಡಗಲಿಯಿಂದ ಕಲ್ಕತ್ತೆಗೆ

ಕಲ್ಯಂಪುಡಿ ರಾಧಾಕೃಷ್ಣ ರಾವ್ ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು, ಮಲ್ಲಿಗೆಗೆ ಹೆಸರಾದ ಹೂವಿನ ಹಡಗಲಿಯಲ್ಲಿ. ಆಗ ಅದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಈಗ ವಿಜಯನಗರ ಜಿಲ್ಲೆಯಲ್ಲಿದೆ. ಮನೆಮಾತು ತೆಲುಗು. ತಂದೆ ಪೊಲೀಸ್ ಇಲಾಖೆಯಲ್ಲಿದ್ದರು. ಎಂಟನೆಯ ಮಗುವಾದ್ದರಿಂದ, ದೇವಕಿಯ ಎಂಟನೆಯ ಮಗನ ನೆನಪಿಗೆ, ಕೃಷ್ಣನ ಹೆಸರಿಟ್ಟರು. ನಸುಕಿನಲ್ಲಿ ನಾಲ್ಕು ಗಂಟೆಗೆ ಎಬ್ಬಿಸಿ ಎಣ್ಣೆದೀಪ ಹಚ್ಚಿಕೊಡುತ್ತಿದ್ದ ತಾಯಿ ಲಕ್ಷ್ಮೀಕಾಂತಮ್ಮನವರಿಗೆ ರಾವ್ ಮುಂದೆ ತಮ್ಮದೊಂದು ಪುಸ್ತಕವನ್ನು ಅರ್ಪಿಸಿದರು.

ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎ. ಮುಗಿಸಿದ ಅವರು ಕಲ್ಕತ್ತೆಗೆ ಹೋದದ್ದು ಸೈನ್ಯದ ಸರ್ವೆ ವಿಭಾಗದಲ್ಲಿ ಕೆಲಸ ಹುಡುಕಿಕೊಂಡು. ಆ ಕೆಲಸ ಸಿಗಲಿಲ್ಲ. ಅಲ್ಲಿಯೇ ಪ್ರಶಾಂತಚಂದ್ರ ಮಹಲನೊಬಿಸ್ ಅವರ ಸಂಖ್ಯಾಶಾಸ್ತ್ರ ಸಂಸ್ಥೆಯ ವಿಷಯ ತಿಳಿದು 1941ರ ಜನವರಿಯಲ್ಲಿ ಅದನ್ನು ಸೇರಿಕೊಂಡರು. 1945ರಲ್ಲಿ, ಇಪ್ಪತ್ತೈದು ತುಂಬುವ ಹೊತ್ತಿಗೆ, ಅವರು ಪ್ರಕಟಿಸಿದ ಒಂದೇ ಪ್ರಬಂಧ ಸಂಖ್ಯಾಶಾಸ್ತ್ರದ ಪಠ್ಯಗಳಲ್ಲಿ ಅವರ ಹೆಸರನ್ನು ಶಾಶ್ವತಗೊಳಿಸಿತು. ನಂತರ ಕೇಂಬ್ರಿಜ್‌ನಲ್ಲಿ ರೊನಾಲ್ಡ್ ಫಿಷರ್ ಅವರ ಮಾರ್ಗದರ್ಶನದಲ್ಲಿ 1948ರಲ್ಲಿ ಡಾಕ್ಟರೇಟ್ ಪಡೆದರು. ಜಪಾನಿನ ಅಂಕಿಅಂಶಗಳು ಬಂದಾಗ ಅವರು ಆಗಲೇ ಪ್ರಸಿದ್ಧರು.

ಮಗುಚಲಾಗದ ಮಾತೃಕೆ

ಅವರಿಗೆ ಎದುರಾದ ತೊಡಕನ್ನು ಅರಿಯಲು 'ಮಾತೃಕೆ' ಎಂಬ ಮಾತನ್ನು ಪರಿಚಯ ಮಾಡಿಕೊಳ್ಳಬೇಕು. ಸಾಲು ಮತ್ತು ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳ ಚೌಕಟ್ಟೇ ಮಾತೃಕೆ, ಇಂಗ್ಲಿಷಿನ ಮ್ಯಾಟ್ರಿಕ್ಸ್. 1850ರಲ್ಲಿ ಈ ಹೆಸರಿಟ್ಟವರು ಇಂಗ್ಲೆಂಡಿನ ಸಿಲ್ವೆಸ್ಟರ್. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಗರ್ಭ ಎಂಬ ಅರ್ಥವೂ ಇದೆ. ಮಾತೃ ಶಬ್ದದಿಂದ ಬಂದ ನಮ್ಮ ಪಾಠಪುಸ್ತಕದ ಪದ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಅವರ ಗೆಳೆಯ ಆರ್ಥರ್ ಕೇಲಿ 1858ರಲ್ಲಿ ಮಾತೃಕೆಗಳನ್ನು ಕೂಡುವ, ಗುಣಿಸುವ ನಿಯಮಗಳನ್ನು ಒಂದು ಶಾಸ್ತ್ರವಾಗಿ ಕಟ್ಟಿದರು.

ನಮ್ಮ ಸಂತೆಯ ಲೆಕ್ಕದಲ್ಲಿ ಯಾರು ಎಷ್ಟು ಕಿಲೋ ಕೊಂಡರು ಎಂಬ ಪಟ್ಟಿಯೇ ಮಾತೃಕೆ. ಬೆಲೆಗಳನ್ನು ಅದಕ್ಕೆ ಉಣಿಸಿದರೆ ಒಟ್ಟು ಮೊತ್ತಗಳು ಹೊರಬರುತ್ತವೆ. ಮೊತ್ತಗಳಿಂದ ಹಿಂದಕ್ಕೆ ನಡೆದು ಬೆಲೆಗಳನ್ನು ಮುಟ್ಟಿಸುವ ಇನ್ನೊಂದು ಮಾತೃಕೆಯೇ ಅದರ 'ವಿಲೋಮ'. ಐದರಿಂದ ಗುಣಿಸಿದ್ದನ್ನು ಐದನೇ ಒಂದರಿಂದ ಗುಣಿಸಿ ಅಳಿಸಿದ ಹಾಗೆ.

ಆದರೆ ಸೊನ್ನೆಯಿಂದ ಗುಣಿಸಿದ್ದನ್ನು ಅಳಿಸುವ ಸಂಖ್ಯೆ ಇಲ್ಲ. ಏಳನ್ನಾಗಲಿ ಎಪ್ಪತ್ತನ್ನಾಗಲಿ ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೇ ಬರುವುದರಿಂದ ಹಿಂದಿರುಗುವ ದಾರಿ ಮುಚ್ಚಿಹೋಗುತ್ತದೆ. ಮಾತೃಕೆಗಳಲ್ಲಿ ಪೂರ್ತಿ ಸೊನ್ನೆಯಲ್ಲದವೂ ಹೀಗೆ ಮಾಡಬಲ್ಲವು. ಎರಡನೆಯ ಚೀಟಿ ಮೊದಲನೆಯದರ ಇಮ್ಮಡಿಯಾದಾಗ ಆದದ್ದು ಅದೇ. ಇಂಥ ಮಾತೃಕೆಗೆ ವಿಲೋಮವಿಲ್ಲ.

ಹೊಲದ ಪ್ರಯೋಗದಲ್ಲಿ ಈ ತೊಂದರೆಯನ್ನು ಮೊದಲೇ ತಪ್ಪಿಸಬಹುದು. ಯಾವ ತಾಕಿಗೆ ಯಾವ ಗೊಬ್ಬರ, ಎಷ್ಟು ತಾಕು ಎಂಬುದು ನಮ್ಮ ಕೈಯಲ್ಲೇ ಇರುತ್ತದೆ. ಬಾಂಬು ಬಿದ್ದ ಊರಿನಲ್ಲಿ ಹಾಗಲ್ಲ. ವಯಸ್ಸು, ಬಾಂಬು ಬಿದ್ದ ಜಾಗದಿಂದ ಇದ್ದ ದೂರ ಎಂದೆಲ್ಲ ಜನರನ್ನು ವಿಂಗಡಿಸಿ ಕೋಷ್ಟಕ ಮಾಡಿದರೆ ಒಂದು ಮನೆ ತುಂಬಿ ತುಳುಕಬಹುದು, ಇನ್ನೊಂದು ಬರಿದಾಗಿರಬಹುದು. ಒಂದು ಉದಾಹರಣೆಯನ್ನು ಊಹಿಸೋಣ: ಹತ್ತಿರದಲ್ಲಿದ್ದ ಮಕ್ಕಳೆಲ್ಲ ಕಿರಿಯರು, ದೂರದಲ್ಲಿದ್ದವರೆಲ್ಲ ಹಿರಿಯರು ಆಗಿದ್ದರೆ, ಅವರ ಬೆಳವಣಿಗೆಯಲ್ಲಿ ಕಂಡ ವ್ಯತ್ಯಾಸಕ್ಕೆ ಕಾರಣ ವಿಕಿರಣವೋ ವಯಸ್ಸೋ ಎಂದು ಬಿಡಿಸಿ ಹೇಳುವುದು ಹೇಗೆ? ಪ್ರಯೋಗವನ್ನು ಇನ್ನೊಮ್ಮೆ ಮಾಡಿ ನೋಡೋಣ ಎನ್ನುವ ಮಾತೇ ಇಲ್ಲ. ಮಾಡಲೂಬಾರದು. ಇರುವ ಅಂಕಿಗಳಿಂದ ಸಿಗುವಷ್ಟನ್ನು ಪ್ರಾಮಾಣಿಕವಾಗಿ ಹೊರತೆಗೆಯಬೇಕು, ಅಷ್ಟೇ.

ನೆರಳಿನಿಂದ ವಸ್ತುವಿಗೆ

ರಾವ್ ಕೈಯಲ್ಲಿದ್ದ ಮಾತೃಕೆಗೆ ವಿಲೋಮವಿರಲಿಲ್ಲ. ಅವರು ವಿಲೋಮದಂತೆಯೇ ಕೆಲಸ ಮಾಡುವ ಮತ್ತೊಂದು ಮಾತೃಕೆಯನ್ನು ಕಟ್ಟಿ ಅದಕ್ಕೆ 'ಹುಸಿ ವಿಲೋಮ' ಎಂಬ ಅರ್ಥದ ಹೆಸರಿಟ್ಟರು. 1955ರಲ್ಲಿ ಸಂಸ್ಥೆಯ ಪತ್ರಿಕೆ 'ಸಾಂಖ್ಯ'ದಲ್ಲಿ ಆ ಪ್ರಬಂಧ ಬಂತು.

ಇದರ ತಿರುಳನ್ನು ನೆರಳಿನ ಹೋಲಿಕೆಯಿಂದ ತಿಳಿಯಬಹುದು. ದೀಪದ ಮುಂದೆ ಕೈ ಮಡಚಿ ಗೋಡೆಯ ಮೇಲೆ ಜಿಂಕೆ ಮೂಡಿಸುವ ಆಟ ಎಲ್ಲರಿಗೂ ಗೊತ್ತು. ಗೋಡೆಯ ನೆರಳನ್ನಷ್ಟೇ ನೋಡಿ ಅದು ನಿಜವಾದ ಜಿಂಕೆಯದೋ, ಕೈಯದೋ, ರಟ್ಟಿನ ತುಂಡಿನದೋ ಹೇಳಲಾಗದು. ಆದರೆ 'ಇದೇ ನೆರಳು ಬೀಳುವಂಥ ಯಾವುದಾದರೂ ಒಂದು ವಸ್ತುವನ್ನು ಕೊಡು' ಎಂದರೆ ಕೊಡಬಹುದು. ಆ ವಸ್ತುವನ್ನು ಮತ್ತೆ ದೀಪದ ಮುಂದೆ ಹಿಡಿದರೆ ಅದೇ ನೆರಳು ಬೀಳಬೇಕು, ಶರತ್ತು ಇಷ್ಟೇ.

ಗಣಿತದ ಭಾಷೆಯಲ್ಲಿ ಇದು ಅಚ್ಚರಿಪಡುವಷ್ಟು ಸರಳ. ಮಾತೃಕೆ 'ಎ', ಅದರ ಹುಸಿ ವಿಲೋಮ 'ಜಿ' ಆದರೆ, ಎ ಗುಣಿಸು ಜಿ ಗುಣಿಸು ಎ ಎಂಬುದು ಮತ್ತೆ ಎ ಆಗಬೇಕು. ಐದಕ್ಕೆ ಈ ಶರತ್ತನ್ನು ಪೂರೈಸುವ ಸಂಖ್ಯೆ ಐದನೇ ಒಂದು ಮಾತ್ರ. ಸೊನ್ನೆಗಾದರೋ ಯಾವ ಸಂಖ್ಯೆಯಾದರೂ ಆದೀತು. ಹಳೆಯ ವಿಲೋಮ ಇದ್ದ ಕಡೆ ಹೊಸದೂ ಅದೇ ಆಗುತ್ತದೆ. ಇಲ್ಲದ ಕಡೆ ಒಂದರ ಬದಲು ಹಲವು ಸಿಗುತ್ತವೆ.

ಹಲವು ಉತ್ತರಗಳಿದ್ದರೆ ಯಾವುದನ್ನು ನಂಬುವುದು? ಈ ಶಾಸ್ತ್ರದ ಅತಿ ಉಪಯುಕ್ತ ಪಾಠ ಇರುವುದು ಇಲ್ಲಿಯೇ. ಸಂತೆಗೆ ಮರಳೋಣ. ಆರು ಕಿಲೋ ಟೊಮೆಟೊ, ಮೂರು ಕಿಲೋ ಈರುಳ್ಳಿಗೆ ಎಷ್ಟಾಗುತ್ತದೆ? ಮೇಲಿನ ಮೂರು ಜೋಡಿ ಬೆಲೆಗಳಲ್ಲಿ ಯಾವುದನ್ನು ಹಿಡಿದು ಗುಣಿಸಿದರೂ 210 ರೂಪಾಯಿಯೇ ಬರುತ್ತದೆ. ಐದು ಕಿಲೋ ಟೊಮೆಟೊ, ಮೂರು ಕಿಲೋ ಈರುಳ್ಳಿಗೆ? ಒಂದು ಜೋಡಿ 190 ಎನ್ನುತ್ತದೆ, ಇನ್ನೊಂದು 185, ಮತ್ತೊಂದು 180. ಮೊದಲ ಪ್ರಶ್ನೆಗೆ ನಮ್ಮಲ್ಲಿರುವ ಮಾಹಿತಿ ಸಾಕು. ಎರಡನೆಯದಕ್ಕೆ ಸಾಲದು. ಯಾವ ಹುಸಿ ವಿಲೋಮ ಬಳಸಿದರೂ ಬದಲಾಗದ ಉತ್ತರವೇ ಅಂಕಿಅಂಶಗಳು ನಿಜವಾಗಿ ಹೇಳುತ್ತಿರುವ ಉತ್ತರ. ಬಳಸಿದ್ದರ ಮೇಲೆ ಬದಲಾಗುವುದು ನಾವು ಹೊರಗಿನಿಂದ ತಂದು ಸೇರಿಸಿದ್ದು. ಯಾವ ಪ್ರಶ್ನೆಗಳು ಹೀಗೆ ಅಂದಾಜಿಗೆ ಸಿಗುತ್ತವೆ ಎಂಬ ವಿಚಾರವನ್ನು ಅದೇ ಕಲ್ಕತ್ತೆಯ ಗುಂಪಿನ ರಾಜಚಂದ್ರ ಬೋಸ್ 1944ರಲ್ಲೇ ಎತ್ತಿದ್ದರು. ರಾವ್ ಅವರ ಹುಸಿ ವಿಲೋಮ ಅದನ್ನು ಲೆಕ್ಕಹಾಕಿ ನೋಡುವ ಸುಲಭ ಸಾಧನವಾಯಿತು.

ಒಂದೇ ಬಾಗಿಲಿಗೆ ನಾಲ್ವರು

ಈ ಬಾಗಿಲನ್ನು ತಟ್ಟಿದವರು ರಾವ್ ಒಬ್ಬರೇ ಅಲ್ಲ. ಅವರು ಹುಟ್ಟಿದ 1920ರಲ್ಲೇ ಷಿಕಾಗೋದ ಗಣಿತಜ್ಞ ಇ. ಎಚ್. ಮೂರ್ ಇಂಥದೊಂದು ವಿಲೋಮದ ಸಾರಾಂಶ ಪ್ರಕಟಿಸಿದ್ದರು. ಆದರೆ ಅವರು ತಾವೇ ಸೃಷ್ಟಿಸಿಕೊಂಡ ಸಂಕೇತಗಳು ಎಷ್ಟು ಕ್ಲಿಷ್ಟವಾಗಿದ್ದವೆಂದರೆ ಅದನ್ನು ಓದಿ ಮುಂದುವರಿಸಿದವರು ವಿರಳ. ವಿಸ್ತೃತ ಬರಹ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1935ರಲ್ಲಿ. ಸ್ವೀಡನ್ನಿನ ಭೂಮಾಪನ ತಜ್ಞ ಆರ್ನೆ ಬ್ಯೆರ್‌ಹಮ್ಮರ್ 1951ರಲ್ಲಿ ತಮ್ಮ ಕಸುಬಿನ ದಾರಿಯಿಂದಲೇ ಅಲ್ಲಿಗೆ ಬಂದರು. ರಾವ್ ಪ್ರಬಂಧ ಬಂದ 1955ರಲ್ಲೇ ಕೇಂಬ್ರಿಜ್‌ನ ವಿದ್ಯಾರ್ಥಿ ರೋಜರ್ ಪೆನ್‌ರೋಸ್ ನಾಲ್ಕು ಶರತ್ತುಗಳನ್ನು ಹಾಕಿ, ಅವೆಲ್ಲವನ್ನೂ ಪೂರೈಸುವ ವಿಲೋಮ ಒಂದೇ ಒಂದು ಎಂದು ತೋರಿಸಿದರು. ಅದೇ ಮೂರ್ ಕಂಡದ್ದು ಎಂಬುದು ಆಮೇಲೆ ಗೊತ್ತಾಗಿ ಇಬ್ಬರ ಹೆಸರೂ ಅದಕ್ಕೆ ಅಂಟಿಕೊಂಡಿತು.

ಭೂಮಾಪಕರಿಗೆ ಇದರ ಅಗತ್ಯವೇನು? ಗುಡ್ಡದಿಂದ ಗುಡ್ಡಕ್ಕೆ ಅಳೆಯುತ್ತ ಹೋದರೆ ಸಿಗುವುದು ಎತ್ತರಗಳ ವ್ಯತ್ಯಾಸ ಮಾತ್ರ. ಎಲ್ಲ ಗುಡ್ಡಗಳನ್ನೂ ಒಟ್ಟಿಗೆ ಹತ್ತು ಮೀಟರ್ ಮೇಲೆತ್ತಿದರೂ ಅಳತೆಗಳು ಬದಲಾಗುವುದಿಲ್ಲ. ಹಾಗಾಗಿ 'ಈ ಗುಡ್ಡದ ಎತ್ತರವೆಷ್ಟು?' ಎಂಬುದಕ್ಕೆ ಆ ಅಳತೆಗಳಲ್ಲಿ ಉತ್ತರವಿಲ್ಲ. 'ಈ ಗುಡ್ಡ ಆ ಗುಡ್ಡಕ್ಕಿಂತ ಎಷ್ಟು ಎತ್ತರ?' ಎಂಬುದಕ್ಕೆ ಇದೆ. ವಿದ್ಯುತ್ ಜಾಲದ ಲೆಕ್ಕವೂ ಹೀಗೆಯೇ.

ಪೆನ್‌ರೋಸ್ ಒಂದೇ ಉತ್ತರಕ್ಕಾಗಿ ಶರತ್ತುಗಳನ್ನು ಬಿಗಿಮಾಡಿದರೆ, ರಾವ್ ಅವನ್ನು ಸಡಿಲಿಸಿದರು. ಸಂಖ್ಯಾಶಾಸ್ತ್ರದ ಬಹುಪಾಲು ಕೆಲಸಕ್ಕೆ ಮೊದಲ ಶರತ್ತೊಂದೇ ಸಾಕು ಎಂದು 1962ರಲ್ಲಿ ತೋರಿಸಿದರು. ಸುಜಿತ್ ಕುಮಾರ್ ಮಿತ್ರಾ ಅವರ ಜೊತೆಗೂಡಿ 1971ರಲ್ಲಿ ಬರೆದ ಗ್ರಂಥ ಈ ವಿಷಯದ ಆಧಾರಗ್ರಂಥಗಳಲ್ಲೊಂದಾಯಿತು. ಭಾರತದಲ್ಲಿ ಆ ಪರಂಪರೆ ಮುಂದುವರಿದಿದೆ. 2012ರ ಜನವರಿಯಲ್ಲಿ ಇದೇ ವಿಷಯವಾಗಿ ನಮ್ಮ ಮಣಿಪಾಲದಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆದು, ಅಲ್ಲಿನ ಪ್ರಬಂಧಗಳು ಮರುವರ್ಷ ಪುಸ್ತಕವಾಗಿ ಬಂದವು.

1979ರಲ್ಲಿ ಅಮೆರಿಕಕ್ಕೆ ಹೋದ ರಾವ್ ಅಲ್ಲಿಯೇ ನೆಲೆಸಿದರು. ಭಾರತ ಸರ್ಕಾರ 2001ರಲ್ಲಿ ಪದ್ಮವಿಭೂಷಣ ನೀಡಿತು. 2020ರಲ್ಲಿ ಅವರಿಗೆ ನೂರು ತುಂಬಿತು; ಅದೇ ವರ್ಷ ಪೆನ್‌ರೋಸ್ ಅವರಿಗೆ ಕೃಷ್ಣರಂಧ್ರಗಳ ಕುರಿತ ಕೆಲಸಕ್ಕೆ ಭೌತಶಾಸ್ತ್ರದ ನೊಬೆಲ್ ಬಂತು. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಪಡೆದ ರಾವ್, ಅದೇ ವರ್ಷದ ಆಗಸ್ಟ್ 22ರಂದು ತಮ್ಮ 102ನೇ ವಯಸ್ಸಿನಲ್ಲಿ ನಿಧನರಾದರು.

ಯಂತ್ರ ಹೇಳದ ಎಚ್ಚರಿಕೆ

ಇಂದು ಹುಸಿ ವಿಲೋಮವನ್ನು ಕೈಯಲ್ಲಿ ಲೆಕ್ಕಹಾಕುವವರಿಲ್ಲ. ಕಂಪ್ಯೂಟರಿಗೆ ಒಂದು ಆಜ್ಞೆ ಕೊಟ್ಟರೆ ಸಾಕು. ಅಪಾಯ ಇರುವುದೂ ಅಲ್ಲಿಯೇ. ನಮ್ಮ ಸಂತೆಯ ಎರಡು ಚೀಟಿಗಳನ್ನು ಕೊಟ್ಟು ಮೂರ್-ಪೆನ್‌ರೋಸ್ ವಿಲೋಮದಿಂದ ಬೆಲೆ ಕೇಳಿದರೆ, ಟೊಮೆಟೊ 28 ರೂಪಾಯಿ, ಈರುಳ್ಳಿ 14 ರೂಪಾಯಿ ಎಂದು ಉತ್ತರ ಬರುತ್ತದೆ. ಸಾಧ್ಯವಿರುವ ಎಲ್ಲ ಜೋಡಿಗಳಲ್ಲಿ ವರ್ಗಗಳ ಮೊತ್ತ ಅತಿ ಕಡಿಮೆ ಇರುವ ಜೋಡಿ ಅದು. ಗಣಿತದ ದೃಷ್ಟಿಯಿಂದ ಅಚ್ಚುಕಟ್ಟಾದದ್ದು. ಆದರೆ ಸಂತೆಯಲ್ಲಿ ವ್ಯಾಪಾರಿ ಆ ಬೆಲೆಗೆ ಮಾರಿದ್ದನೆಂದು ಹೇಳಲು ಯಾವ ಆಧಾರವೂ ಇಲ್ಲ.

ತರಕಾರಿಯಲ್ಲಾದರೆ ನಷ್ಟವಿಲ್ಲ. ಒಂದಷ್ಟು ತಾಲ್ಲೂಕುಗಳ ರೈತರಿಗೆ ಸುಧಾರಿತ ಬೀಜ, ಗೊಬ್ಬರ ಎರಡಕ್ಕೂ ಒಟ್ಟಿಗೆ ಸಹಾಯಧನ ಕೊಟ್ಟು, ಉಳಿದ ಕಡೆ ಎರಡನ್ನೂ ಕೊಡಲಿಲ್ಲ ಎನ್ನಿ. ಇಳುವರಿ ಏರಿತು. ಎರಡೂ ಸೇರಿ ಎಷ್ಟು ಏರಿಸಿದವು ಎಂದು ಕೇಳಿದರೆ ಅಂಕಿಗಳು ಹೇಳಬಲ್ಲವು. ಬೀಜದ ಪಾಲೆಷ್ಟು, ಗೊಬ್ಬರದ ಪಾಲೆಷ್ಟು ಎಂದರೆ ಹೇಳಲಾರವು. ಆದರೂ ಯಂತ್ರ ಎರಡು ಸಂಖ್ಯೆಗಳನ್ನು ಮುದ್ರಿಸಿ ಕೊಟ್ಟೀತು. ಅದನ್ನು ನಂಬಿ ಒಂದು ಸಹಾಯಧನವನ್ನು ಕಿತ್ತುಹಾಕಿದರೆ ಬೆಲೆ ತೆರುವವನು ರೈತ.

ಯಾವುದೇ ಸಮೀಕ್ಷೆ, ಯಾವುದೇ ವರದಿ ಓದುವಾಗ ನಾವೂ ಒಂದು ಪ್ರಶ್ನೆ ಕೇಳಿಕೊಳ್ಳಬಹುದು: ಈ ಉತ್ತರ ಅಂಕಿಗಳಿಂದ ಬಂದದ್ದೋ, ಲೆಕ್ಕ ಮಾಡಿದ ಕ್ರಮದಿಂದ ಬಂದದ್ದೋ? ಅಣುಬಾಂಬಿನ ಅಂಕಿಗಳೊಡನೆ ಕುಳಿತ ರಾವ್ ಅವರಿಗೂ ಬೇಕಾಗಿದ್ದದ್ದು ಈ ವಿವೇಚನೆಯೇ. ವಿಲೋಮವಿಲ್ಲದ ಮಾತೃಕೆಯನ್ನು ಅವರು ಮೂಲೆಗೆ ತಳ್ಳಲಿಲ್ಲ. ಅದು ಹೇಳಬಲ್ಲದ್ದು ಎಷ್ಟೋ ಅಷ್ಟನ್ನು ಹೇಳಿಸಿದರು.