ಜೂನ್‌ನ ಸಸಿಗೆ ಏಪ್ರಿಲ್‌ನಲ್ಲಿ ನೀರು ಹಾಕುವವರು ಯಾರು?

ಪರಿಸರ ಶಿಕ್ಷಣ ಶಾಲೆಗಳಲ್ಲಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಹೇಳಿತು. ಪಾಠಗಳು ಬಂದವು; ಓಜೋನ್ ಪದರ, ಕರಗುವ ಹಿಮ, ಅಳಿಯುವ ಹುಲಿ ಎಲ್ಲವೂ ಪುಸ್ತಕ ಸೇರಿದವು. ಜೊತೆಗೆ ಜೂನ್ 5ರ ಪರಿಸರ ದಿನದ ಆಚರಣೆಯೂ ಬಂತು: ಒಂದು ಭಾಷಣ, ಒಂದು ಚಿತ್ರ ಬಿಡಿಸುವ ಸ್ಪರ್ಧೆ, ಒಂದು ಸಸಿ, ಸಸಿಯ ಸುತ್ತ ಹತ್ತು ಜನರ ಫೋಟೊ. ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾದಂಥ ಊರಲ್ಲಿ ನಿಂತು ನೋಡಿದರೆ ಈ ಏರ್ಪಾಡಿನ ಪೊಳ್ಳು ಬೇಗ ತಿಳಿಯುತ್ತದೆ. ರಾಯಚೂರು ಜಿಲ್ಲೆಗೆ ಹದವಾದ ಮಳೆ ಬರುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಅಲ್ಲಿಯವರೆಗೆ ಹೇಗೋ ಬದುಕಿದ ಸಸಿಗೆ ನಿಜವಾದ ಪರೀಕ್ಷೆ ಏಪ್ರಿಲ್, ಮೇ ತಿಂಗಳಲ್ಲಿ. ಬಿಸಿಲು 40 ಡಿಗ್ರಿ ದಾಟುವ ಆ ಹೊತ್ತಿಗೆ ಶಾಲೆಗೆ ಬೀಗ ಬಿದ್ದಿರುತ್ತದೆ. ಎಷ್ಟೋ ಕಡೆ ಮುಂದಿನ ಜೂನ್‌ಗೆ ಹೊಸ ಗುಂಡಿ ತೋಡುವ ಕಷ್ಟವೂ ಇರುವುದಿಲ್ಲ.

ನೆಡುವುದನ್ನು ಕಲಿಸಿ ಸಾಕುವುದನ್ನು ಬಿಟ್ಟಿದ್ದೇವೆ ಎಂಬುದು ಇದರ ಒಂದು ಮುಖ. ಇನ್ನೊಂದು ಮುಖ ಹೆಚ್ಚು ಗಂಭೀರವಾದದ್ದು: ಮಗುವಿಗೆ ನಿಸರ್ಗದ ಪರಿಚಯ ಆಗುವ ಮೊದಲೇ ಅದರ ನಾಶದ ಸುದ್ದಿ ತಲುಪಿಸುತ್ತಿದ್ದೇವೆ. ಅಮೆರಿಕದ ಶಿಕ್ಷಣತಜ್ಞ ಡೇವಿಡ್ ಸೋಬೆಲ್ 1990ರ ದಶಕದಲ್ಲೇ ಇದರ ಅಪಾಯ ಹೇಳಿದರು. ತನ್ನ ಕೈಗೆ ಎಟುಕದ ದುರಂತಗಳನ್ನೇ ಕೇಳುತ್ತಾ ಬೆಳೆದ ಮಗು ನಿಸರ್ಗವನ್ನು ಹತ್ತಿರ ಮಾಡಿಕೊಳ್ಳುವುದಿಲ್ಲ, ಹೆದರಿ ದೂರ ಸರಿಯುತ್ತದೆ ಎಂಬುದು ಅವರ ವಾದ. ಲೂಯಿಸ್ ಚಾವ್ಲಾ ಎಂಬ ಸಂಶೋಧಕಿ ಕೆಂಟಕಿ ಮತ್ತು ನಾರ್ವೆಯ ಪರಿಸರ ಕಾರ್ಯಕರ್ತರನ್ನು ಮಾತನಾಡಿಸಿ, ಅವರು ಈ ದಾರಿಗೆ ಬಂದದ್ದು ಹೇಗೆಂದು ಕೇಳಿದರು. ಹೆಚ್ಚಾಗಿ ಬಂದ ಉತ್ತರಗಳು ಎರಡು: ಬಾಲ್ಯದಲ್ಲಿ ಓಡಾಡಿದ ಒಂದು ಜಾಗ, ಮತ್ತು ಜೊತೆಗಿದ್ದು ಗಮನಿಸುವುದನ್ನು ಕಲಿಸಿದ ಮನೆಯ ಹಿರಿಯರು.

ಕಾಡೇ ಇಲ್ಲದ ಸೀಮೆಯಲ್ಲಿ ಮಕ್ಕಳಿಗೆ ಏನು ತೋರಿಸುವುದು ಎಂದು ಕೇಳುವವರಿದ್ದಾರೆ. ಅರಣ್ಯ ಇಲಾಖೆಯ ಚಿಣ್ಣರ ವನದರ್ಶನದಂಥ ಕಾರ್ಯಕ್ರಮಗಳು ಒಳ್ಳೆಯವೇ. ಆದರೆ ನಿಸರ್ಗವೆಂದರೆ ಬಸ್ಸು ಹತ್ತಿ ನೋಡಬೇಕಾದ ಮಲೆನಾಡು ಎಂಬ ಭಾವನೆ ಬಯಲುಸೀಮೆಯ ಮಗುವಿಗೆ ತನ್ನೂರನ್ನೇ ಕೀಳಾಗಿಸುತ್ತದೆ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ದೋಆಬಿನಲ್ಲಿ ಓದಬೇಕಾದದ್ದು ಕಣ್ಣೆದುರೇ ಬಿದ್ದಿದೆ. ಕಪ್ಪು ಎರೆ ಭೂಮಿ ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುವುದೇಕೆ, ಪಕ್ಕದ ಕೆಂಪು ಮಸಾರಿ ಹಾಗೆ ಬಿರಿಯದಿರುವುದೇಕೆ? ಗೀಜಗ ತನ್ನ ಗೂಡನ್ನು ಬಾವಿಯ ಮೇಲೆ ಬಾಗಿದ ಜಾಲಿ ಟೊಂಗೆಗೇ ಏಕೆ ತೂಗುಹಾಕುತ್ತದೆ? ಮೊದಲ ಮಳೆಗೆ ಹೊಲದಲ್ಲಿ ಹರಿದಾಡುವ ಕೆಂಪು ಮಖಮಲ್ಲಿನಂಥ ಹುಳು ವರ್ಷವಿಡೀ ಎಲ್ಲಿತ್ತು? ಹಳ್ಳ, ರಸ್ತೆ, ಬೀಳು ಎಲ್ಲವನ್ನೂ ಆಕ್ರಮಿಸಿರುವ ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ತಂದದ್ದು. ನಾವು ದಸರಾದಲ್ಲಿ ಹಂಚಿಕೊಳ್ಳುವ ಬನ್ನಿಗೆ ಅದು ಸಸ್ಯಕುಲದ ನೆಂಟ. ನೆಂಟ ಊರನ್ನೇ ಆವರಿಸಿದ, ಬನ್ನಿ ಮೂಲೆ ಸೇರಿತು. ಇದೇ ಜಿಲ್ಲೆಯ ಸಿಂಧನೂರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ನೀರಿಗೆ ಭತ್ತ ಬೆಳೆದು, ಅದೇ ನೀರು ನಿಂತು ಸವಳು-ಜವಳಾದ ಹೊಲಗಳಿವೆ. ನೀರು ಹೆಚ್ಚಾದರೂ ಭೂಮಿ ಕೆಡುತ್ತದೆ ಎಂಬುದಕ್ಕೆ ಧ್ರುವಪ್ರದೇಶದ ಉದಾಹರಣೆ ಬೇಕಿಲ್ಲ.

ಈ ಕಲಿಕೆಗೆ ನಮ್ಮಲ್ಲಿ ದಾರಿಯೂ ಇತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಎರೆಮಣ್ಣು ಕಲಸಿ ಎತ್ತು ಮಾಡುವಾಗ ಮಣ್ಣಿನ ಜಿಗುಟು ಬೆರಳಿಗೆ ತಿಳಿಯುತ್ತದೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವಾಗ ಹೊಲದ ಮೂಲೆ ಮೂಲೆ ಸುತ್ತುವುದಾಗುತ್ತದೆ. ಹಾಗೆಂದು ಸಂಪ್ರದಾಯವೊಂದೇ ಸಾಕೆನ್ನುವುದು ಭೋಳೆತನ. ಬನ್ನಿ ಪೂಜಿಸುವ ನಾವೇ ಹಬ್ಬದ ದಿನ ಅದರ ಟೊಂಗೆ ಮುರಿಯುತ್ತೇವೆ. ಕನ್ನಡಕ್ಕೆ ಪುಸ್ತಕದ ಕೊರತೆಯೂ ಇಲ್ಲ: ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ 'ಬಾಲಪ್ರಪಂಚ' ಮಾಡಿದರು, ಬಿಜಿಎಲ್ ಸ್ವಾಮಿ ಗಿಡಗಳ ಬಗ್ಗೆ ನಗಿಸುತ್ತಲೇ ಬರೆದರು.

ಹೆಚ್ಚು ತೂಕದ ಆಕ್ಷೇಪ ಬೇರೆಯಿದೆ. ಹತ್ತಿ ಬಿಡಿಸುವ ಕಾಲಕ್ಕೆ ಶಾಲೆ ಬಿಟ್ಟು ಕೂಲಿಗೆ ಹೋಗುವ ಮಕ್ಕಳಿರುವ ಜಿಲ್ಲೆಯಿದು. ಬಿಸಿಲು, ಮಣ್ಣು ಅವರಿಗೆ ಸಾಕಾಗಿದೆ, ನಿಸರ್ಗಪ್ರೀತಿ ಪಟ್ಟಣದವರ ಶೋಕಿ ಎನ್ನುತ್ತಾರೆ. ಮಾತಿನಲ್ಲಿ ನಿಜವಿದೆ. ಆದರೆ ಚಾವ್ಲಾ ಕಂಡ ಎರಡರಲ್ಲಿ ಈ ಮಕ್ಕಳಿಗೆ ಮೊದಲನೆಯದು ಸಿಕ್ಕಿದೆ, ಎರಡನೆಯದು ಸಿಕ್ಕಿಲ್ಲ. ದುಡಿಮೆಯಲ್ಲಿ ನಿಂತು ನೋಡಲು ಪುರಸತ್ತಿಲ್ಲ, 'ಅದೇನು ನೋಡು' ಎನ್ನುವವರಿಲ್ಲ. ಹಾಗಾಗಿ ಮಗು ಶಾಲೆಯಲ್ಲಿ ಉಳಿಯುವುದೇ ಪರಿಸರ ಶಿಕ್ಷಣದ ಮೊದಲ ಹೆಜ್ಜೆ. ಅಲ್ಲಿ ಅದಕ್ಕೆ ಗೊತ್ತಿರುವ ಹುಲ್ಲು, ಹುಳು, ಹಕ್ಕಿಗಳ ಹೆಸರನ್ನು ಅಜ್ಞಾನವೆಂದು ತಳ್ಳದೆ ತಿಳಿವಳಿಕೆಯೆಂದು ಒಪ್ಪುವ ಮೇಷ್ಟ್ರು ಬೇಕು. ಪೋರ್ಷನ್ ಮುಗಿಸುವ ಒತ್ತಡ, ಖಾಲಿ ಹುದ್ದೆ ಇರುವುದು ಹೌದು. ಆದರೆ ಬಾವಿಕಟ್ಟೆಯ ಗೂಡನ್ನು ವಾರಕ್ಕೊಮ್ಮೆ ಎಣಿಸಿ ಬರೆದಿಟ್ಟರೆ ಗಣಿತವೂ ಆಗುತ್ತದೆ, ಕನ್ನಡವೂ ಆಗುತ್ತದೆ.

ದೊಡ್ಡವರು ಕೆಡಿಸಿದ್ದನ್ನು ಮಕ್ಕಳ ತಲೆಗೆ ಕಟ್ಟುವುದೇಕೆ ಎಂಬ ಪ್ರಶ್ನೆಗೆ ಮಾತ್ರ ಪೂರ್ತಿ ತಲೆಬಾಗಬೇಕು. ಕೀಟನಾಶಕ, ಮರಳು, ಬತ್ತಿದ ಕೊಳವೆಬಾವಿ, ಇವು ಹತ್ತು ವರ್ಷದ ಮಗುವಿನ ಹೊಣೆಯಲ್ಲ. ಅದರ ಹೊಣೆ ಒಂದು ಬೇವಿನ ಸಸಿಯಷ್ಟು ಸಣ್ಣದಿರಲಿ, ಆದರೆ ವರ್ಷಪೂರ್ತಿ ಇರಲಿ. ಶಾಲೆಗೆ ರಜೆ ಬಿದ್ದ ಎರಡು ತಿಂಗಳು ಆ ಸಸಿಗೆ ನೀರು ಮುಟ್ಟಿಸುವ ಸರದಿಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಮಾರ್ಚ್‌ನಲ್ಲೇ ಗೊತ್ತುಮಾಡಬೇಕು. ಕೊಡ ಹೊರುವ ಪಟ್ಟಿಯಲ್ಲಿ ಜೂನ್‌ನಲ್ಲಿ ಭಾಷಣ ಮಾಡಿದವರ ಹೆಸರೂ ಇರಬೇಕು.