ಲೆಕ್ಕದ ಗಣಕಯಂತ್ರ ಕೆಟ್ಟರೆ ಮರುದಿನ ಅಂಗಡಿ ನಡೆಯುವುದು ಹೇಗೆ?

ಒಂದು ಕಾಲಕ್ಕೆ ವ್ಯಾಪಾರಿಯ ಮೇಜಿನ ಮೇಲೆ ದಿನವಹಿ ಮತ್ತು ಖಾತೆ ಪುಸ್ತಕಗಳಿರುತ್ತಿದ್ದವು. ದೀಪಾವಳಿಯ ಅಂಗಡಿ ಪೂಜೆಯಂದು ಹೊಸ ಪುಸ್ತಕಕ್ಕೆ ಅರಸಿನ ಕುಂಕುಮ ಹಚ್ಚಿ ಹಳೆಯದನ್ನು ಕಪಾಟಿಗೆ ಸೇರಿಸಲಾಗುತ್ತಿತ್ತು. ಗೆದ್ದಲು ಹಿಡಿದರೂ ಮಳೆಗೆ ಒದ್ದೆಯಾದರೂ ಅದರ ನಾಲ್ಕು ಪುಟಗಳಾದರೂ ಓದಲು ಸಿಗುತ್ತಿದ್ದವು. ಇಂದು ಕಟಪಾಡಿ ಪೇಟೆಯ ಅಂಗಡಿಗಳಲ್ಲಿ, ಶಂಕರಪುರದ ಮಲ್ಲಿಗೆ ವ್ಯಾಪಾರದಲ್ಲಿ, ಕಾರ್ಕಳದ ಗೇರುಬೀಜ ಕಾರ್ಖಾನೆಗಳಲ್ಲಿ, ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದ ಘಟಕಗಳಲ್ಲಿ ಆ ಪುಸ್ತಕಗಳ ಸ್ಥಾನವನ್ನು ಬಹುಮಟ್ಟಿಗೆ ಗಣಕಯಂತ್ರ ಪಡೆದುಕೊಂಡಿದೆ. ಅನುಕೂಲ ಹೆಚ್ಚಿದೆ ಎಂಬುದು ನಿಜ. ಆದರೆ ಹಾರ್ಡ್ ಡಿಸ್ಕ್ ಕೆಟ್ಟಾಗ ಅರ್ಧ ಪುಟವೂ ಉಳಿಯದೆ ಹೋಗಬಹುದು.

ಕಬ್ಬಿಣ, ಸಿಮೆಂಟು ಮಾರುವ ಒಂದು ಅಂಗಡಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಗಣಕಯಂತ್ರ ಹಾಳಾದರೆ ಹೊಸದನ್ನು ಒಂದೆರಡು ದಿನದಲ್ಲಿ ಖರೀದಿಸಬಹುದು. ಟ್ಯಾಲಿಯಂತಹ ತಂತ್ರಾಂಶವನ್ನು ಮತ್ತೆ ಅಳವಡಿಸಬಹುದು. ಸಲ್ಲಿಸಿದ ಜಿಎಸ್‌ಟಿ ರಿಟರ್ನುಗಳ ವಿವರ ಪೋರ್ಟಲ್‌ನಲ್ಲಿ ದೊರೆಯಬಹುದು. ಆದರೆ ಯಾವ ಗುತ್ತಿಗೆದಾರನಿಂದ ಎಷ್ಟು ಬಾಕಿ ಬರಬೇಕು, ಅವನು ಕಳೆದ ವಾರ ನಗದಾಗಿ ಕೊಟ್ಟದ್ದೆಷ್ಟು, ಗೋದಾಮಿನಲ್ಲಿ ಉಳಿದ ದಾಸ್ತಾನು ಎಷ್ಟು ಎಂಬುದು ಯಾವ ಪೋರ್ಟಲ್‌ನಲ್ಲಿಯೂ ಇಲ್ಲ. ಬಾಕಿಯ ಲೆಕ್ಕ ತೋರಿಸಲಾಗದ ವ್ಯಾಪಾರಿ ಬಾಕಿ ಕೇಳುವ ಹಕ್ಕನ್ನೇ ಅರ್ಧ ಕಳೆದುಕೊಂಡಂತೆ. ನಷ್ಟವಾಗುವುದು ಯಂತ್ರದ ಬೆಲೆಯಲ್ಲ, ಅದರೊಳಗಿನ ಮಾಹಿತಿಯ ಬೆಲೆ.

ಅಪಾಯಗಳು ಯಾವುವು?

ಕರಾವಳಿಯಲ್ಲಿ ಮೊದಲ ಅಪಾಯ ಹವಾಮಾನದ್ದು. ಗುಡುಗು ಸಿಡಿಲು, ವಿದ್ಯುತ್ತಿನ ಏರಿಳಿತ, ತೇವ, ಕಡಲ ಗಾಳಿಯ ಉಪ್ಪಿನಂಶ ಇವೆಲ್ಲ ವಿದ್ಯುನ್ಮಾನ ಉಪಕರಣಗಳ ಆಯುಷ್ಯವನ್ನು ಕುಗ್ಗಿಸುತ್ತವೆ. 2020ರ ಸೆಪ್ಟೆಂಬರ್ 20ರ ಮಹಾಮಳೆಯಲ್ಲಿ ಉಡುಪಿ ನಗರದ ತಗ್ಗು ಪ್ರದೇಶಗಳು ಜಲಾವೃತವಾದವು. ನೆಲದ ಮೇಲಿರಿಸಿದ ಸಿಪಿಯು ಪೆಟ್ಟಿಗೆಗೆ ಮುಳುಗಲು ಒಂದು ಅಡಿ ನೀರು ಸಾಕು. ಅದರ ಪಕ್ಕದ ಡ್ರಾಯರ್‌ನಲ್ಲಿ ಬ್ಯಾಕಪ್ ಪ್ರತಿಯಿದ್ದರೆ ಅದೂ ಅದೇ ನೀರಿನಲ್ಲಿ ಮುಳುಗುತ್ತದೆ.

ಎರಡನೆಯದು ದುರುದ್ದೇಶದ ತಂತ್ರಾಂಶಗಳ ಅಪಾಯ. 2017ರ ಮೇ 12ರಂದು ಹರಡಲಾರಂಭಿಸಿದ ವಾನಾಕ್ರೈ ಎಂಬ ರಾನ್ಸಮ್‌ವೇರ್ ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ ಗಣಕಯಂತ್ರಗಳನ್ನು ತಟ್ಟಿತು. ಇಂತಹ ತಂತ್ರಾಂಶವು ಕಡತಗಳಿಗೆ ಗುಪ್ತ ಬೀಗ ಹಾಕಿ, ಬೀಗ ತೆಗೆಯಲು ಹಣ ಕೇಳುತ್ತದೆ. ಆ ಕ್ಷಣದಲ್ಲಿ ಯಂತ್ರಕ್ಕೆ ಜೋಡಿಸಿದ್ದ ಪೆನ್‌ಡ್ರೈವ್, ಬಾಹ್ಯ ಹಾರ್ಡ್ ಡಿಸ್ಕ್, ಜಾಲದಲ್ಲಿರುವ ಇತರ ಯಂತ್ರಗಳ ಫೋಲ್ಡರ್‌ಗಳಿಗೂ ಅದು ಕೈ ಚಾಚಬಲ್ಲದು. ಹಣ ಕೊಟ್ಟರೂ ಕಡತ ಮರಳಿ ದೊರೆಯುವ ಭರವಸೆಯಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ ಹಳೆಯ ಯಂತ್ರಗಳನ್ನೇ ನೆಚ್ಚಿಕೊಂಡವರು ಈ ವಿಷಯದಲ್ಲಿ ಹೆಚ್ಚು ಎಚ್ಚರ ವಹಿಸಬೇಕು.

ಮೂರನೆಯದು ಎಲ್ಲಕ್ಕಿಂತ ಸಾಮಾನ್ಯವಾದದ್ದು: ಕೈತಪ್ಪು. ಹೊಸ ಗುಮಾಸ್ತ ತಪ್ಪಿ ಒಂದು ಫೋಲ್ಡರ್ ಅಳಿಸುವುದು, ಹಳೆಯ ಪ್ರತಿಯನ್ನು ಹೊಸದರ ಮೇಲೆ ಹಾಕುವುದು ಇತ್ಯಾದಿ. ಇದು ಅದೇ ದಿನ ಬೆಳಕಿಗೆ ಬಾರದೆ, ತಿಂಗಳ ಬಳಿಕ ಗೊತ್ತಾಗುವುದೂ ಉಂಟು.

ಕಾನೂನು ಏನು ಹೇಳುತ್ತದೆ?

ಮಾಹಿತಿಯ ರಕ್ಷಣೆ ವ್ಯಾಪಾರಿಯ ಇಚ್ಛೆಗೆ ಬಿಟ್ಟ ವಿಷಯವಷ್ಟೇ ಅಲ್ಲ. ಕೇಂದ್ರ ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನ ಪ್ರಕಾರ, ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳ ಕಾಲ ಲೆಕ್ಕಪತ್ರಗಳನ್ನು ಕಾಯ್ದಿಡಬೇಕು. ಮೇಲ್ಮನವಿ ಅಥವಾ ತನಿಖೆ ನಡೆಯುತ್ತಿದ್ದರೆ ಅವಧಿ ಇನ್ನೂ ಮುಂದುವರಿಯಬಹುದು. ವಿದ್ಯುನ್ಮಾನ ರೂಪದಲ್ಲಿ ಲೆಕ್ಕವಿಡುವವರು ಸರಿಯಾದ ಬ್ಯಾಕಪ್ ಇರಿಸಿಕೊಳ್ಳಬೇಕು. ಅಪಘಾತ ಅಥವಾ ನೈಸರ್ಗಿಕ ಕಾರಣಗಳಿಂದ ದಾಖಲೆ ನಾಶವಾದರೂ ಸಮಂಜಸ ಅವಧಿಯೊಳಗೆ ಅದನ್ನು ಮರಳಿ ಪಡೆಯುವಂತಿರಬೇಕು ಎಂದು ಜಿಎಸ್‌ಟಿ ನಿಯಮ 57 ವಿಧಿಸುತ್ತದೆ. ನಿಯಮವು ಪ್ರತಿ ಇದ್ದರೆ ಸಾಕು ಎನ್ನುವುದಿಲ್ಲ, ಅದರಿಂದ ಮಾಹಿತಿ ಮರಳಿ ಬರಬೇಕು ಎನ್ನುತ್ತದೆ.

ಕಂಪನಿ ಕಾಯಿದೆಯಡಿ ನೋಂದಾಯಿತವಾದ ಸಂಸ್ಥೆಗಳ ಹೊಣೆ ಇನ್ನೂ ಹೆಚ್ಚು. ಅವು 8 ಹಣಕಾಸು ವರ್ಷಗಳ ಲೆಕ್ಕವನ್ನು ಕಾಯ್ದಿಡಬೇಕು. 2022ರ ಆಗಸ್ಟ್‌ನ ತಿದ್ದುಪಡಿಯ ಬಳಿಕ, ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ ಪ್ರತಿದಿನವೂ ಭಾರತದೊಳಗಿನ ಸರ್ವರ್‌ನಲ್ಲಿ ಇರಬೇಕಾಗಿದೆ. ಮಾಲಿಕತ್ವ ಹಾಗೂ ಪಾಲುದಾರಿಕೆಯ ಸಂಸ್ಥೆಗಳಿಗೆ ಈ ಎರಡು ಕಂಪನಿ ನಿಯಮಗಳು ಅನ್ವಯಿಸುವುದಿಲ್ಲವಾದರೂ ಜಿಎಸ್‌ಟಿಯಲ್ಲಿ ನೋಂದಾಯಿತರಾದ ಎಲ್ಲರಿಗೂ ಮೊದಲಿನದು ಅನ್ವಯಿಸುತ್ತದೆ.

ಟೇಪ್: ಹಳೆಯ ವಿಧಾನ, ಹಳತಾಗದ ಪಾಠ

ಗಣಕಯಂತ್ರದ ಮಾಹಿತಿಯನ್ನು ಕಾಂತೀಯ ಟೇಪಿನ ಮೇಲೆ ದಾಖಲಿಸುವ ಕ್ರಮಕ್ಕೆ ಏಳು ದಶಕಗಳ ಇತಿಹಾಸವಿದೆ. ಐಬಿಎಂ ಸಂಸ್ಥೆಯ ಟೇಪ್ ಘಟಕ 1952ರಲ್ಲಿ ಬಂದಿತು. 2000ದಲ್ಲಿ ಬಂದ ಎಲ್‌ಟಿಒ ಮಾದರಿಯ ಮೊದಲ ಪೀಳಿಗೆಯ ಕ್ಯಾಸೆಟ್ 100 ಗಿಗಾಬೈಟ್ ಹಿಡಿಸುತ್ತಿತ್ತು. 2021ರ ಒಂಬತ್ತನೆಯ ಪೀಳಿಗೆಯದು 18 ಟೆರಾಬೈಟ್, ಅಂದರೆ ಅದರ 180 ಪಟ್ಟು ಹಿಡಿಸುತ್ತದೆ. ಟೇಪಿನ ಕಾಲ ಮುಗಿಯಿತೆಂದು ಭಾವಿಸುವವರು 2011ರ ಫೆಬ್ರವರಿಯ ಘಟನೆಯನ್ನು ನೆನಪಿಸಿಕೊಳ್ಳಬೇಕು. ತಂತ್ರಾಂಶದ ದೋಷವೊಂದರಿಂದ ಜಿಮೇಲ್‌ನ ಕೆಲವು ಖಾತೆಗಳ ಪತ್ರಗಳೆಲ್ಲ ಕಾಣದಾದವು. ಹಲವು ಕೇಂದ್ರಗಳಲ್ಲಿದ್ದ ಪ್ರತಿಗಳಿಗೂ ದೋಷ ತಟ್ಟಿತ್ತು. ಗೂಗಲ್ ಸಂಸ್ಥೆ ಆ ಪತ್ರಗಳನ್ನು ಮರಳಿ ತಂದದ್ದು ಟೇಪಿನಿಂದ. ಟೇಪು ಯಂತ್ರದಿಂದ ಹೊರಗಿತ್ತು; ಆದುದರಿಂದ ದೋಷ ಅದನ್ನು ಮುಟ್ಟಲಾಗಲಿಲ್ಲ.

ಹಾಗೆಂದು ಸಣ್ಣ ಅಂಗಡಿಗೆ ಟೇಪ್ ಸೂಕ್ತವೆಂದು ಹೇಳಲಾಗದು. ಕ್ಯಾಸೆಟ್ ಅಗ್ಗವಾದರೂ ಹೊಸ ಎಲ್‌ಟಿಒ ಡ್ರೈವಿನ ಬೆಲೆ ಲಕ್ಷಗಳಲ್ಲಿದೆ. ಹಳೆಯ ಪೀಳಿಗೆಯ ಟೇಪುಗಳನ್ನು ಹೊಸ ಡ್ರೈವ್ ಓದುವುದಿಲ್ಲ. ಎಂಟನೆಯ ಪೀಳಿಗೆಯ ಡ್ರೈವ್ ತನ್ನ ಹಿಂದಿನ ಒಂದು ಪೀಳಿಗೆಯನ್ನು ಮಾತ್ರ ಓದಬಲ್ಲದು. ಟೇಪನ್ನು ದೀರ್ಘಕಾಲ ಇಡಲು ಗಾಳಿಯ ತೇವಾಂಶ ಶೇ. 20ರಿಂದ 50ರೊಳಗೆ ಇರಬೇಕೆಂಬುದು ಶಿಫಾರಸು. ಆಷಾಢದ ಕರಾವಳಿಯಲ್ಲಿ ಹವಾನಿಯಂತ್ರಣವಿಲ್ಲದೆ ಇದು ಅಸಾಧ್ಯ. ಬಹಳಷ್ಟು ಮಾಹಿತಿಯಿರುವ ಆಸ್ಪತ್ರೆ, ಬ್ಯಾಂಕು, ಮುದ್ರಣ ಸಂಸ್ಥೆಗಳಿಗೆ ಟೇಪ್ ಹೊಂದುತ್ತದೆ. ಸಣ್ಣ ವ್ಯಾಪಾರಿ ಟೇಪಿನಿಂದ ಪಡೆಯಬೇಕಾದದ್ದು ಅದರ ಗುಣವನ್ನು: ಪ್ರತಿ ತೆಗೆದ ಕೂಡಲೇ ಯಂತ್ರದಿಂದ ಬಿಡಿಸಿ ಬೇರೆಡೆ ಇಡುವುದು. ಎರಡು ಬಾಹ್ಯ ಹಾರ್ಡ್ ಡಿಸ್ಕ್‌ಗಳಿಂದ ಈ ಗುಣವನ್ನು ಕೆಲವೇ ಸಾವಿರ ರೂಪಾಯಿಗಳಲ್ಲಿ ಪಡೆಯಬಹುದು.

ಅಂತರಜಾಲದ ಸಂಗ್ರಹ: ಅನುಕೂಲ ಮತ್ತು ಮಿತಿ

ಅಂತರಜಾಲದ ಮೂಲಕ ದೂರದ ಸರ್ವರ್‌ನಲ್ಲಿ ಪ್ರತಿ ಇರಿಸುವುದರಿಂದ ಊರಿನ ನೆರೆ, ಬೆಂಕಿ, ಕಳ್ಳತನಗಳು ಅದನ್ನು ತಟ್ಟುವುದಿಲ್ಲ. ವೇಗದ ಲೆಕ್ಕವನ್ನು ಮಾತ್ರ ಮೊದಲೇ ಹಾಕಿಕೊಳ್ಳಬೇಕು. ಸೆಕೆಂಡಿಗೆ 10 ಮೆಗಾಬಿಟ್ ಕಳುಹಿಸುವ ಸಂಪರ್ಕವೆಂದರೆ 1.25 ಮೆಗಾಬೈಟ್. 500 ಮೆಗಾಬೈಟಿನ ಲೆಕ್ಕದ ಕಡತ ಹೋಗಲು ಸುಮಾರು 7 ನಿಮಿಷ ಸಾಕು. ಆದರೆ 500 ಗಿಗಾಬೈಟಿನ ಇಡೀ ಡಿಸ್ಕ್ ಕಳುಹಿಸಲು ನಾಲ್ಕೂವರೆ ದಿನಕ್ಕಿಂತ ಹೆಚ್ಚು ಬೇಕು. ಆದುದರಿಂದ ಪ್ರತಿದಿನ ಹೋಗಬೇಕಾದದ್ದು ಲೆಕ್ಕ, ಬಿಲ್ಲು, ಗ್ರಾಹಕರ ವಿವರ, ಯಂತ್ರಭಾಗಗಳ ನಕ್ಷೆಗಳು ಮಾತ್ರ. ತಂತ್ರಾಂಶವನ್ನೂ ಚಲನಚಿತ್ರಗಳನ್ನೂ ಕಳುಹಿಸಬೇಕಿಲ್ಲ.

ಇಲ್ಲಿ ಮೂರು ತಪ್ಪು ತಿಳಿವಳಿಕೆಗಳನ್ನು ನಿವಾರಿಸಿಕೊಳ್ಳುವುದು ಅಗತ್ಯ. ಮೊದಲನೆಯದು, ಗೂಗಲ್ ಡ್ರೈವ್, ಒನ್‌ಡ್ರೈವ್ ಮುಂತಾದವುಗಳ ಸಿಂಕ್ ವ್ಯವಸ್ಥೆಯೇ ಬ್ಯಾಕಪ್ ಎಂಬುದು. ಸಿಂಕ್ ಎಂದರೆ ಕನ್ನಡಿಯಿದ್ದಂತೆ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಇಲ್ಲಿ ಕೆಟ್ಟದ್ದು ಅಲ್ಲಿಯೂ ಕೆಡುತ್ತದೆ. ಹಿಂದಿನ ಆವೃತ್ತಿಗಳು ಎಷ್ಟು ದಿನ ಉಳಿಯುತ್ತವೆ ಎಂಬುದನ್ನು ವಿಚಾರಿಸಿ ತಿಳಿಯಬೇಕು. ಟ್ಯಾಲಿಯ ದತ್ತಾಂಶ ಫೋಲ್ಡರನ್ನೇ ನೇರವಾಗಿ ಸಿಂಕ್‌ಗೆ ಒಳಪಡಿಸಿದರೆ, ಕೆಲಸ ನಡೆಯುತ್ತಿರುವಾಗ ಅರ್ಧ ಬರೆದ ಕಡತ ರವಾನೆಯಾಗಿ ಕೆಡುವ ಸಂಭವವಿದೆ. ತಂತ್ರಾಂಶದಲ್ಲಿರುವ ಬ್ಯಾಕಪ್ ಆಜ್ಞೆಯಿಂದ ಪ್ರತಿ ತೆಗೆದು, ಆ ಪ್ರತಿಯನ್ನು ಕಳುಹಿಸುವುದು ಕ್ಷೇಮ.

ಎರಡನೆಯದು, ದೊಡ್ಡ ಸಂಸ್ಥೆಯ ಬಳಿ ಇಟ್ಟದ್ದು ಎಂದಿಗೂ ಹಾಳಾಗದು ಎಂಬ ನಂಬಿಕೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ನಾಶವಾಯಿತು. ಬೇರೆಡೆ ಪ್ರತಿ ಇರಿಸದಿದ್ದ ಹಲವು ಗ್ರಾಹಕರ ಮಾಹಿತಿ ಮರಳಿ ದೊರೆಯಲಿಲ್ಲ.

ಮೂರನೆಯದು, ಖಾತೆ ಯಾರ ಹೆಸರಿನಲ್ಲಿದ್ದರೂ ನಡೆಯುತ್ತದೆ ಎಂಬುದು. ಗುಮಾಸ್ತನ ಸ್ವಂತ ಇಮೇಲ್‌ನಲ್ಲಿ ತೆರೆದ ಖಾತೆ ಅವನು ಕೆಲಸ ಬಿಟ್ಟ ದಿನ ಕೈತಪ್ಪುತ್ತದೆ. ಎರಡು ವರ್ಷ ಬಳಕೆಯಾಗದ ವೈಯಕ್ತಿಕ ಖಾತೆಗಳನ್ನು ಅಳಿಸುವ ಕ್ರಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಖಾತೆ ಸಂಸ್ಥೆಯ ಹೆಸರಿನಲ್ಲಿರಬೇಕು. ಗುಪ್ತಪದವನ್ನು ಕಾಗದದಲ್ಲಿ ಬರೆದು, ಮುಚ್ಚಿದ ಲಕೋಟೆಯಲ್ಲಿ ಮಾಲಿಕರ ಮನೆಯ ಕಪಾಟಿನಲ್ಲಿಡಬೇಕು.

ಮೂರು ಪ್ರತಿ, ಎರಡು ಬಗೆ, ಒಂದು ದೂರ

ಈ ಎಲ್ಲ ಅನುಭವಗಳ ಸಾರವನ್ನು ಒಂದು ಸರಳ ಸೂತ್ರದಲ್ಲಿ ಹೇಳುವುದುಂಟು. ಮಾಹಿತಿಯ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಮಾಧ್ಯಮಗಳಲ್ಲಿರಲಿ. ಒಂದಾದರೂ ಬೇರೆ ಸ್ಥಳದಲ್ಲಿರಲಿ. ಈ ಸೂತ್ರ ಗಣಕಯಂತ್ರದ ಕಾಲದ್ದಾದರೂ ಅದರ ವಿವೇಕ ಉಡುಪಿಗೆ ಹೊಸದಲ್ಲ. ಪಲಿಮಾರು ಮಠದಲ್ಲಿರುವ, ಸುಮಾರು 700 ವರ್ಷ ಹಳೆಯದೆನ್ನಲಾದ ಸರ್ವಮೂಲ ಗ್ರಂಥಗಳ ತಾಳೆಗರಿಗಳು ಕಪ್ಪಾಗಿ ಓದಲು ಕಷ್ಟವಾಗಿದ್ದವು. ಅಮೆರಿಕದ ರಾಚೆಸ್ಟರ್ ತಂತ್ರಜ್ಞಾನ ಸಂಸ್ಥೆಯ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಅವರ ತಂಡ ವಿಶೇಷ ಛಾಯಾಗ್ರಹಣದಿಂದ ಅಕ್ಷರಗಳನ್ನು ಮತ್ತೆ ಕಾಣುವಂತೆ ಮಾಡಿದ ವಿವರ 2006ರಲ್ಲಿ ಪ್ರಕಟವಾಯಿತು. ಆ ಚಿತ್ರಗಳನ್ನು ಒಂದೇ ಕಡೆ ಇರಿಸದೆ, ಗಣಕ ಕಡತ, ಮುದ್ರಿತ ಪುಸ್ತಕ ಹಾಗೂ ಸಿಲಿಕಾನ್ ಬಿಲ್ಲೆಗಳ ಮೇಲೆ ಉಳಿಸುವುದು ಅವರ ಯೋಜನೆಯಾಗಿತ್ತು. ಒಂದು ಮಾಧ್ಯಮ ಹಳತಾದರೆ ಇನ್ನೊಂದು ಇರಲಿ ಎಂಬುದೇ ಅದರ ಉದ್ದೇಶ.

ಸಣ್ಣ ಸಂಸ್ಥೆಯೊಂದು ಇದೇ ಕ್ರಮವನ್ನು ಹೀಗೆ ಅಳವಡಿಸಿಕೊಳ್ಳಬಹುದು:

ಪ್ರತಿದಿನ ಸಂಜೆ ಕಲೆಕ್ಷನ್ ಲೆಕ್ಕ ಮುಗಿದ ಮೇಲೆ ತಂತ್ರಾಂಶದಿಂದ ಬ್ಯಾಕಪ್ ತೆಗೆದು, ದಿನಾಂಕವನ್ನು ಫೋಲ್ಡರಿನ ಹೆಸರಾಗಿಟ್ಟು, ಅಂತರಜಾಲದ ಖಾತೆಗೆ ಕಳುಹಿಸುವುದು. ಹಿಂದಿನ ದಿನದ್ದರ ಮೇಲೆ ಬರೆಯಬಾರದು. ಕನಿಷ್ಠ 30 ದಿನಗಳ ಪ್ರತಿ ಉಳಿದಿರಬೇಕು.

ಪ್ರತಿ ಶನಿವಾರ ಬಾಹ್ಯ ಹಾರ್ಡ್ ಡಿಸ್ಕ್‌ಗೆ ಪ್ರತಿ ತೆಗೆದು ಡಿಸ್ಕನ್ನು ಬಿಡಿಸಿ ಮನೆಗೆ ಒಯ್ಯುವುದು. ಮುಂದಿನ ಶನಿವಾರ ಎರಡನೆಯ ಡಿಸ್ಕ್ ತರುವುದು. ಎರಡೂ ಡಿಸ್ಕ್‌ಗಳು ಒಂದೇ ಸಮಯದಲ್ಲಿ ಅಂಗಡಿಯಲ್ಲಿ ಇರಬಾರದು. ಡಿಸ್ಕ್ ಕಳೆದುಹೋದರೂ ಅನ್ಯರು ಓದದಂತೆ ಗುಪ್ತಪದದ ರಕ್ಷಣೆಯಿರಲಿ.

ವರ್ಷಾಂತ್ಯದ ಲೆಕ್ಕ ಮುಗಿದಾಗ ಆ ವರ್ಷದ ಪ್ರತ್ಯೇಕ ಪ್ರತಿಯೊಂದನ್ನೂ, ಬಾಕಿದಾರರ ಪಟ್ಟಿಯ ಮುದ್ರಿತ ಪ್ರತಿಯನ್ನೂ ಕಾಯ್ದಿಡುವುದು. ವಿದ್ಯುತ್ತೇ ಇಲ್ಲದ ದಿನವೂ ಕಾಗದವನ್ನು ಓದಬಹುದು.

ಮರಳಿ ತರುವ ಪರೀಕ್ಷೆ

ಇಷ್ಟೆಲ್ಲ ಮಾಡಿದವರೂ ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಕೆಲಸವಿದೆ. ತೆಗೆದ ಪ್ರತಿಯಿಂದ ಲೆಕ್ಕ ನಿಜವಾಗಿ ಮರಳಿ ಬರುತ್ತದೆಯೇ ಎಂದು ನೋಡುವುದು. ಪರದೆಯ ಮೇಲೆ ಬ್ಯಾಕಪ್ ಯಶಸ್ವಿಯಾಯಿತು ಎಂಬ ಸಂದೇಶ ಬಂದ ಮಾತ್ರಕ್ಕೆ ಒಳಗಿರುವುದು ಸರಿಯಾಗಿದೆ ಎಂದು ತಿಳಿಯಲಾಗದು. ಯಾರೋ ಕಂಪನಿಯ ಫೋಲ್ಡರನ್ನು ಬೇರೆಡೆಗೆ ವರ್ಗಾಯಿಸಿದ್ದರೆ, ಬ್ಯಾಕಪ್ ಹಲವು ತಿಂಗಳಿಂದ ಹಳೆಯ ಖಾಲಿ ಫೋಲ್ಡರನ್ನೇ ಶ್ರದ್ಧೆಯಿಂದ ನಕಲು ಮಾಡುತ್ತಿರಬಹುದು.

ಪರೀಕ್ಷೆ ಕಷ್ಟದ್ದಲ್ಲ. ತಿಂಗಳಿಗೊಮ್ಮೆ, ರಿಟರ್ನ್ ಸಲ್ಲಿಸಿದ ಮರುದಿನ, ಇನ್ನೊಂದು ಗಣಕಯಂತ್ರದಲ್ಲಿ ಹೊಸ ಫೋಲ್ಡರ್ ಮಾಡಿ ಅದಕ್ಕೆ ಪ್ರತಿಯನ್ನು ರಿಸ್ಟೋರ್ ಮಾಡಬೇಕು. ಚಾಲ್ತಿಯಲ್ಲಿರುವ ಫೋಲ್ಡರಿಗೆ ರಿಸ್ಟೋರ್ ಮಾಡಿದರೆ ಹೊಸ ಲೆಕ್ಕದ ಮೇಲೆ ಹಳೆಯದು ಕುಳಿತುಬಿಡುವ ಅಪಾಯವಿರುವುದರಿಂದ ಈ ಎಚ್ಚರ ಅತ್ಯಗತ್ಯ. ಬಳಿಕ ಮೂರು ಅಂಕೆಗಳನ್ನು ಮೂಲದೊಂದಿಗೆ ತಾಳೆ ನೋಡಬೇಕು: ನಗದು ಶಿಲ್ಕು, ಬಾಕಿದಾರರ ಒಟ್ಟು ಮೊತ್ತ, ಕೊನೆಯ ಬಿಲ್ಲಿನ ಸಂಖ್ಯೆ. ಮೂರೂ ತಾಳೆಯಾದರೆ ದಿನಾಂಕ ಬರೆದು ಮಾಲಿಕರು ಸಹಿ ಹಾಕಬೇಕು. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ.

ಈ ಹೊಣೆಯನ್ನು ಹೆಸರು ಹೇಳಿ ಒಬ್ಬರಿಗೆ ವಹಿಸಬೇಕು. ಅವರು ರಜೆಯಲ್ಲಿದ್ದಾಗ ಮಾಡುವವರು ಯಾರೆಂಬುದೂ ನಿಶ್ಚಯವಾಗಿರಬೇಕು. ಎಲ್ಲರ ಕೆಲಸವೆಂದು ಬಿಟ್ಟದ್ದು ಯಾರ ಕೆಲಸವೂ ಆಗದು. ನಗದು ಪೆಟ್ಟಿಗೆಯ ಬೀಗದ ಕೈಯನ್ನು ಸಂಜೆ ಯಾರು ಒಯ್ಯುತ್ತಾರೆಂಬುದು ಪ್ರತಿಯೊಂದು ಅಂಗಡಿಯಲ್ಲಿಯೂ ನಿಶ್ಚಿತವಾಗಿರುತ್ತದೆ. ಪೆಟ್ಟಿಗೆಯಲ್ಲಿರುವುದು ಒಂದು ದಿನದ ಸಂಪಾದನೆ. ಡಿಸ್ಕ್‌ನಲ್ಲಿರುವುದು ಹಲವು ವರ್ಷಗಳ ಕೊಡುಕೊಳ್ಳುವಿಕೆ. ಅದನ್ನು ಮನೆಗೆ ಒಯ್ಯುವವರು ಯಾರೆಂಬುದು ಈ ಶನಿವಾರವೇ ನಿಶ್ಚಯವಾಗಲಿ. ಮೊದಲ ಮರಳಿ ತರುವ ಪರೀಕ್ಷೆಯೂ ಅಂದೇ ನಡೆಯಲಿ.