ಲಿಟರೇ ಹ್ಯೂಮಾನಿಯೋರೆಸ್

ಲಿಟರೇ ಹ್ಯೂಮಾನಿಯೋರೆಸ್ ಎಂಬುದು ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಗ್ರೀಸ್ ಮತ್ತು ರೋಮ್‌ಗಳ ಭಾಷೆ, ಸಾಹಿತ್ಯ, ಇತಿಹಾಸ ಹಾಗೂ ತತ್ತ್ವಶಾಸ್ತ್ರಗಳನ್ನು ಒಟ್ಟಾಗಿ ಕಲಿಸುವ ನಾಲ್ಕು ವರ್ಷಗಳ ಪದವಿ ವ್ಯಾಸಂಗ. ಈ ಲ್ಯಾಟಿನ್ ಹೆಸರಿಗೆ 'ಹೆಚ್ಚು ಮಾನವೀಯವಾದ ವಿದ್ಯೆಗಳು' ಎಂಬ ಅರ್ಥವಿದೆ. ದೇವತಾಶಾಸ್ತ್ರದಿಂದ ಪ್ರತ್ಯೇಕಿಸುವ ಸಲುವಾಗಿ ಈ ಹೆಸರು ಬಳಕೆಗೆ ಬಂದಿತು. ವ್ಯವಹಾರದಲ್ಲಿ ಇದನ್ನು 'ಕ್ಲಾಸಿಕ್ಸ್' ಎಂದೂ ಇದರ ಕೊನೆಯ ಘಟ್ಟವನ್ನು 'ಗ್ರೇಟ್ಸ್' ಎಂದೂ ಕರೆಯಲಾಗುತ್ತದೆ.

ವ್ಯಾಸಂಗದ ಕ್ರಮ

ದೀರ್ಘಕಾಲ ನಡೆದುಬಂದ ಪದ್ಧತಿಯಲ್ಲಿ ವ್ಯಾಸಂಗಕ್ಕೆ ಎರಡು ಘಟ್ಟಗಳಿದ್ದವು. ಮೊದಲನೆಯದು 'ಮಾಡರೇಷನ್ಸ್'. ಇದರಲ್ಲಿ ಹೋಮರ್ ಮತ್ತು ವರ್ಜಿಲರ ಕಾವ್ಯಗಳನ್ನು ಮೂಲದಲ್ಲಿಯೇ ವಿಸ್ತಾರವಾಗಿ ಓದಬೇಕಾಗಿತ್ತು. ಮೊದಲು ಕಂಡಿರದ ಗದ್ಯಪದ್ಯಭಾಗಗಳನ್ನು ಪರೀಕ್ಷಾ ಕೊಠಡಿಯಲ್ಲಿಯೇ ಅನುವಾದಿಸುವುದು ಒಂದು ಪರೀಕ್ಷೆಯಾದರೆ, ಇಂಗ್ಲಿಷ್ ಗದ್ಯವನ್ನು ಗ್ರೀಕ್ ಅಥವಾ ಲ್ಯಾಟಿನ್‌ಗೆ ತಿರುಗಿಸುವುದು ಇನ್ನೊಂದು. ಎರಡನೆಯದೇ ಹೆಚ್ಚು ಕಠಿಣ. ಅಲ್ಲಿ ಊಹೆಗೆ ಆಸ್ಪದ ಕಡಿಮೆ. ಸಂಸ್ಕೃತ ಬಲ್ಲವರಿಗೆ ಈ ಭಾಷೆಗಳ ವ್ಯಾಕರಣ ಪೂರ್ಣ ಅಪರಿಚಿತವೆನಿಸದು: ಪದಕ್ರಮಕ್ಕಿಂತ ವಿಭಕ್ತಿಪ್ರತ್ಯಯಗಳೇ ಅರ್ಥವನ್ನು ನಿರ್ಣಯಿಸುತ್ತವೆ, ಗ್ರೀಕ್‌ನಲ್ಲಿ ದ್ವಿವಚನವೂ ಇದೆ.

ಎರಡನೆಯ ಘಟ್ಟವಾದ ಗ್ರೇಟ್ಸ್‌ನಲ್ಲಿ ಹಿಂದೆ ತತ್ತ್ವಶಾಸ್ತ್ರ ಮತ್ತು ಪ್ರಾಚೀನ ಇತಿಹಾಸಗಳಿಗಷ್ಟೇ ಸ್ಥಾನವಿತ್ತು. ಭಾಷೆಯಲ್ಲಿ ಪಳಗಿದವರೂ ಇಲ್ಲಿ ಎಡವುತ್ತಿದ್ದರು. ಕವಿ ಎ. ಇ. ಹೌಸ್‌ಮನ್ 1879ರಲ್ಲಿ ಮಾಡರೇಷನ್ಸ್‌ನಲ್ಲಿ ಪ್ರಥಮ ದರ್ಜೆ ಪಡೆದು, 1881ರಲ್ಲಿ ಗ್ರೇಟ್ಸ್‌ನಲ್ಲಿ ಅನುತ್ತೀರ್ಣರಾದರು. ಬಳಿಕ ಪೇಟೆಂಟ್ ಕಚೇರಿಯಲ್ಲಿ ಗುಮಾಸ್ತರಾಗಿದ್ದುಕೊಂಡೇ ಲ್ಯಾಟಿನ್ ಪಠ್ಯಗಳ ಪರಿಷ್ಕರಣವನ್ನು ಕುರಿತು ಲೇಖನಗಳನ್ನು ಪ್ರಕಟಿಸಿ, 1892ರಲ್ಲಿ ಲಂಡನ್ನಿನಲ್ಲಿಯೂ 1911ರಲ್ಲಿ ಕೇಂಬ್ರಿಜ್‌ನಲ್ಲಿಯೂ ಲ್ಯಾಟಿನ್ ಪ್ರಾಧ್ಯಾಪಕರಾದರು. ಸಾಹಿತ್ಯವು ಗ್ರೇಟ್ಸ್‌ನ ವಿಷಯವಾಗಿ ಸೇರಿದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ.

ಪ್ರವೇಶದ ಪ್ರಶ್ನೆ

ಗ್ರೀಕ್ ಮತ್ತು ಲ್ಯಾಟಿನ್ ಜ್ಞಾನವು ವಿದ್ಯೆಯಾಗಿದ್ದಂತೆಯೇ ಅಧಿಕಾರದ ಹೆಬ್ಬಾಗಿಲೂ ಆಗಿತ್ತು. ಭಾರತದ ಸಿವಿಲ್ ಸರ್ವಿಸ್ ನೇಮಕಾತಿಗೆ ಸ್ಪರ್ಧಾತ್ಮಕ ಪರೀಕ್ಷೆಯನ್ನು ರೂಪಿಸಿದ ಮೆಕಾಲೆ ಸಮಿತಿಯು 1854ರಲ್ಲಿ ಗ್ರೀಕ್‌ಗೆ 750, ಲ್ಯಾಟಿನ್‌ಗೆ 750 ಅಂಕಗಳನ್ನು ಸೂಚಿಸಿತು. ಸಂಸ್ಕೃತಕ್ಕೆ ಮತ್ತು ಅರಬ್ಬಿಗೆ ಸೂಚಿಸಿದ್ದು ತಲಾ 375. ಆಳಬೇಕಾಗಿದ್ದ ದೇಶದ ಶಾಸ್ತ್ರೀಯ ಭಾಷೆಗೆ ಅರ್ಧದಷ್ಟೇ ಬೆಲೆ ಸಿಕ್ಕಿತೆಂಬುದು ಗಮನಾರ್ಹ. ಮುಂದೆ ಆಕ್ಸ್‌ಫರ್ಡಿನಲ್ಲಿ ಗ್ರೀಕ್ ಪ್ರಾಧ್ಯಾಪಕರಾಗಿ ಪ್ಲೇಟೋವನ್ನು ಅನುವಾದಿಸಿದ ಬೆಂಜಮಿನ್ ಜೋವೆಟ್ ಆ ಸಮಿತಿಯ ಸದಸ್ಯರಲ್ಲೊಬ್ಬರು.

ಆಕ್ಸ್‌ಫರ್ಡಿನಲ್ಲಿ ಇತರ ವಿಷಯಗಳ ವಿದ್ಯಾರ್ಥಿಗಳಿಗೂ ಇದ್ದ ಗ್ರೀಕ್ ಕಡ್ಡಾಯವು 1920ರಲ್ಲಿ ರದ್ದಾಯಿತು. ಮಹಿಳೆಯರಿಗೆ ಅಲ್ಲಿ ಪದವಿ ದೊರೆಯತೊಡಗಿದ್ದೂ ಅದೇ ವರ್ಷ. ಪ್ರವೇಶಕ್ಕೆ ಲ್ಯಾಟಿನ್ ಬೇಕೆಂಬ ನಿಯಮ 1960ರವರೆಗೆ ಉಳಿಯಿತು. ಶಾಲೆಯಲ್ಲಿ ಈ ಭಾಷೆಗಳನ್ನು ಕಲಿಯದವರು ವಿಶ್ವವಿದ್ಯಾಲಯದಲ್ಲಿಯೇ ಮೊದಲಿನಿಂದ ಕಲಿತು ಪದವಿ ಪಡೆಯುವ ಅವಕಾಶ ಅನಂತರ ಕಲ್ಪಿತವಾಯಿತು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವು 2021ರಲ್ಲಿ ಇನ್ನೂ ಮುಂದೆ ಹೋಗಿ, ಕ್ಲಾಸಿಕ್ಸ್ ಪದವಿಗೇ ಗ್ರೀಕ್ ಅಥವಾ ಲ್ಯಾಟಿನ್ ಕಡ್ಡಾಯವಲ್ಲವೆಂದು ತೀರ್ಮಾನಿಸಿತು. ಬಡ ಶಾಲೆಗಳ ಮಕ್ಕಳಿಗೆ ಇದರಿಂದ ದಾರಿ ತೆರೆಯಿತೆಂದು ಕೆಲವರೂ, ಕಲಿಸುವ ಹೊಣೆಯಿಂದ ವಿಶ್ವವಿದ್ಯಾಲಯ ನುಣುಚಿಕೊಂಡಿತೆಂದು ಇತರರೂ ವಾದಿಸಿದರು. ಅನುವಾದವನ್ನೇ ನಂಬಿದ ವಿದ್ಯಾರ್ಥಿಗೆ ಅನುವಾದಕನ ತಪ್ಪನ್ನು ಕಾಣುವ ಸಾಧನವಿರುವುದಿಲ್ಲ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ.

ಕನ್ನಡದ ನಂಟು

ಆಕ್ಸ್‌ಫರ್ಡಿನ ಕ್ವೀನ್ಸ್ ಕಾಲೇಜಿನ ಬರ್ನಾರ್ಡ್ ಗ್ರೆನ್‌ಫೆಲ್ ಮತ್ತು ಆರ್ಥರ್ ಹಂಟ್ ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಕಸದ ದಿಬ್ಬಗಳನ್ನು ಅಗೆದು ಅಪಾರ ಪ್ರಮಾಣದ ಗ್ರೀಕ್ ಪಪೈರಸ್ ಹಸ್ತಪ್ರತಿಗಳನ್ನು ಹೊರತೆಗೆದರು. 1903ರಲ್ಲಿ ಅವರು ಪ್ರಕಟಿಸಿದ 413ನೆಯ ಪಪೈರಸ್ಸಿನಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಹಿಂದೂ ಮಹಾಸಾಗರದ ತೀರದಲ್ಲಿ ಸೆರೆಯಾದ ಖಾರಿಟಿಯಾನ್ ಎಂಬ ಗ್ರೀಕ್ ಯುವತಿಯ ಬಿಡುಗಡೆ ಅದರ ವಸ್ತು. ಅದರಲ್ಲಿ ಸ್ಥಳೀಯ ರಾಜ ಮತ್ತು ಅವನ ಪರಿವಾರದವರು ಆಡುವ ಮಾತುಗಳು ಗ್ರೀಕ್ ಲಿಪಿಯಲ್ಲಿದ್ದರೂ ಗ್ರೀಕ್ ಅಲ್ಲ. ಅವು ಕನ್ನಡವಿರಬಹುದೆಂದು ಶಾಸನತಜ್ಞ ಇ. ಹುಲ್ಶ್ 1904ರಲ್ಲಿ ಸೂಚಿಸಿದರು, ಆರ್. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ಸಾಲುಗಳನ್ನು ಬಿಡಿಸಲು ಯತ್ನಿಸಿದರು. ಪದಗಳನ್ನು ಎಲ್ಲಿ ಒಡೆಯಬೇಕೆಂಬುದೇ ಸ್ಪಷ್ಟವಿಲ್ಲದ ಕಾರಣ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅವು ನಗೆ ಹುಟ್ಟಿಸಲು ಜೋಡಿಸಿದ ನಿರರ್ಥಕ ಧ್ವನಿಗಳೆಂಬ ವಾದವೂ ಇದೆ.